ಯಾರ ಮಾತು, ಎಲ್ಲಿಯವರೆಗೆ? ಸಂಶೋಧನಾ ಬರಹದಲ್ಲಿ ಆಕರ ಸೂಚನೆಯ ಪ್ರಮಾಣ



ದತ್ತಿ ಉಪನ್ಯಾಸ ಎಂದ ಕೂಡಲೇ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಕುರಿತ ಮಾತನ್ನು ಸಭೆ ನಿರೀಕ್ಷಿಸುತ್ತದೆ. ನಾನು ಆರಿಸಿಕೊಂಡಿರುವುದು ಅದಕ್ಕಿಂತ ಬಹಳ ಸಣ್ಣದಾಗಿ ಕಾಣುವ ವಿಷಯ. ಪಿಎಚ್.ಡಿ. ಕೋರ್ಸ್‌ವರ್ಕ್ ತರಗತಿಗಳಲ್ಲಿ ವರ್ಷ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: “ಸರ್, ಒಬ್ಬರ ಪುಸ್ತಕದ ವಿಚಾರವನ್ನು ನನ್ನ ಮಾತಿನಲ್ಲೇ ಒಂದು ಪುಟ ಬರೆದಿದ್ದೇನೆ. ಪ್ರತಿ ವಾಕ್ಯಕ್ಕೂ ಅವರ ಹೆಸರು ಹಾಕಬೇಕೋ, ಕೊನೆಗೊಂದು ಸಲ ಹಾಕಿದರೆ ಸಾಕೋ?” ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ “ಅಲ್ಲಲ್ಲಿ ಹಾಕಿ” ಎಂಬುದು. ಆ ‘ಅಲ್ಲಲ್ಲಿ’ ಎಂದರೆ ಎಲ್ಲೆಲ್ಲಿ ಎಂದು ವಿವರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ವಿಷಯದ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ಧರಣ ಚಿಹ್ನೆಯೊಳಗೆ ಇನ್ನೊಬ್ಬರ ಮಾತನ್ನು ಅಕ್ಷರಶಃ ತಂದಿಡುವ ಕ್ರಮವನ್ನು ನಾನು ಚರ್ಚಿಸುವುದಿಲ್ಲ. ಚಿಹ್ನೆ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದು ಅಲ್ಲಿ ಕಣ್ಣಿಗೇ ಕಾಣುವುದರಿಂದ ಗೊಂದಲ ಕಡಿಮೆ. ತೊಡಕು ಇರುವುದು ಇನ್ನೊಬ್ಬರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳುವಾಗ. ಇದನ್ನು ನಾಲ್ಕು ಭಾಗಗಳಲ್ಲಿ ನೋಡೋಣ. ಮಾತು ನಮ್ಮದಾದ ಮೇಲೂ ಋಣ ಏಕೆ ಉಳಿಯುತ್ತದೆ ಎಂಬುದು ಮೊದಲನೆಯದು. ಎಷ್ಟು ಸಲ ಸೂಚಿಸಬೇಕು ಎಂಬುದು ಎರಡನೆಯದು. ಇಂಗ್ಲಿಷಿನಿಂದ ಕನ್ನಡಕ್ಕೆ ವಿಚಾರ ತರುವಾಗ ಆಗುವ ಎಡವಟ್ಟು ಮತ್ತು ತಂತ್ರಾಂಶಗಳ ಮಿತಿ ಮೂರನೆಯದು. ಕೊಟ್ಟ ಆಕರ ಓದುಗನ ಕೈಗೆ ಸಿಗುವಂತಿದೆಯೇ ಎಂಬುದು ಕೊನೆಯದು.

ಮೊದಲನೆಯ ಭಾಗ.

ಒಂದು ಒಳ್ಳೆಯ ಸಂಶೋಧನಾ ಗ್ರಂಥದಲ್ಲಿ ವಾಕ್ಯಗಳಿರುತ್ತವೆ. ಆ ವಾಕ್ಯಗಳ ಹಿಂದೆ ದುಡಿಮೆ ಇರುತ್ತದೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು. ಕ್ರಿ.ಶ. 450ರಿಂದ 1150ರವರೆಗಿನ, ಅಂದರೆ ಏಳುನೂರು ವರ್ಷಗಳ ಶಾಸನಗಳನ್ನು ಅವರು ಓದಿ, ಚೆದುರಿದ್ದ ಸಂಗತಿಗಳನ್ನು ಒಂದೆಡೆ ಸೇರಿಸಿ, ಅವುಗಳಿಂದ ಆ ಕಾಲದ ಜನಜೀವನದ ಚಿತ್ರ ಕಟ್ಟಿದರು. ಅವರ ಒಂದು ಪುಟವನ್ನು ನಾನು ನನ್ನ ಪದಗಳಲ್ಲಿ ಬರೆದರೆ ಬದಲಾಗುವುದು ಪದಗಳು ಮಾತ್ರ. ಶಾಸನಗಳನ್ನು ಹುಡುಕಿದವರು, ಹೋಲಿಸಿದವರು, ತೀರ್ಮಾನಕ್ಕೆ ಬಂದವರು ಅವರೇ. ವಾಕ್ಯ ನನ್ನದಾದ ಮಾತ್ರಕ್ಕೆ ಆ ದುಡಿಮೆ ನನ್ನ ಹೆಸರಿಗೆ ವರ್ಗವಾಗುವುದಿಲ್ಲ.

ಇದು ಪಶ್ಚಿಮದಿಂದ ಬಂದ ಕಟ್ಟಳೆ, ನಮ್ಮ ಪರಂಪರೆಯಲ್ಲಿ ವಿದ್ಯೆ ಎಲ್ಲರ ಸೊತ್ತು ಎಂದು ಕೆಲವರು ವಾದಿಸುವುದುಂಟು. ಈ ವಾದ ಅರ್ಧ ಮಾತ್ರ ಸರಿ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಮಂಡಿಸುವ ಕ್ರಮವನ್ನು ನೋಡಿ. ಭಾಷ್ಯಕಾರರು ಎಷ್ಟೋ ಕಡೆ ಎದುರಾಳಿಯ ಹೆಸರು ಹೇಳುವುದಿಲ್ಲ. ‘ಕೆಲವರು’, ‘ಬೇರೆಯವರು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಆ ಕೆಲವರು ಯಾರೆಂದು ಗುರುತಿಸುವ ಕೆಲಸ ಟೀಕಾಕಾರರ ಪಾಲಿಗೆ ಬರುತ್ತದೆ. ಹೆಸರಿನ ವಿಷಯದಲ್ಲಿ ಇಷ್ಟು ಸಡಿಲವಾಗಿದ್ದರೂ ಇನ್ನೊಬ್ಬರ ವಾದ ಎಲ್ಲಿ ಮುಗಿಯಿತು, ತಮ್ಮ ಸಿದ್ಧಾಂತ ಎಲ್ಲಿ ಶುರುವಾಯಿತು ಎಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಆ ಗಡಿ ತಪ್ಪಿದರೆ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಓದುವ ಅಪಾಯವಿದೆ ಎಂದು ಅವರಿಗೆ ಗೊತ್ತಿತ್ತು.

ಹೆಸರು ಹೇಳುವುದರ ಬೆಲೆ ಏನು ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿಯಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಬರಹಗಾರರನ್ನು ಹೆಸರಿಸುತ್ತದೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರ ಕೃತಿಗಳು ನಮಗೆ ಉಳಿದು ಬಂದಿಲ್ಲ. ಆ ಕಾಲಕ್ಕೂ ಮೊದಲೇ ಕನ್ನಡದಲ್ಲಿ ಗದ್ಯವೂ ಪದ್ಯವೂ ಬೆಳೆದಿದ್ದವು ಎಂದು ನಾವು ಇಂದು ಧೈರ್ಯವಾಗಿ ಹೇಳುವುದಕ್ಕೆ ಈ ಹೆಸರುಗಳ ಪಟ್ಟಿಯೇ ಬಹುಮಟ್ಟಿಗೆ ಆಧಾರ. ಅದೇ ಗ್ರಂಥ ದಂಡಿಯ ‘ಕಾವ್ಯಾದರ್ಶ’ದಿಂದ ಧಾರಾಳವಾಗಿ ತೆಗೆದುಕೊಂಡಿದೆ. ಎಲ್ಲಿ ದಂಡಿಯ ಮಾತು, ಎಲ್ಲಿ ಕನ್ನಡದ ಲಕ್ಷಣಕಾರನ ಸ್ವಂತ ನಿಲುವು ಎಂದು ತಿಳಿಯಲು ವಿದ್ವಾಂಸರು ಎರಡೂ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಪದ್ಯಕ್ಕೆ ಪದ್ಯ ಹೋಲಿಸಬೇಕಾಯಿತು. ಆ ಕಾಲದ ಪದ್ಧತಿಯೇ ಬೇರೆ. ಅದನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ಆದರೆ ಇಂದು ಮಹಾಪ್ರಬಂಧ ಬರೆಯುವವರು ಅಂಥ ಹೊರೆಯನ್ನು ಓದುಗನ ತಲೆಗೆ ಹೊರಿಸುವಂತಿಲ್ಲ.

ಹಾಗಾದರೆ ಪ್ರತಿಯೊಂದು ಸಂಗತಿಗೂ ಆಕರ ಬೇಕೇ? ಬೇಡ. ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿರುವ, ಯಾವ ಕೈಪಿಡಿಯಲ್ಲಾದರೂ ಸಿಗುವ ಸಂಗತಿಗೆ ಆಕರ ಬೇಕಿಲ್ಲ. ಹಲ್ಮಿಡಿ ಶಾಸನ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನದು ಎಂಬುದಕ್ಕೆ ಅಡಿಟಿಪ್ಪಣಿ ಹಾಕಿದರೆ ಅದು ಬರಿಯ ಅಲಂಕಾರ. ಅದರ ಕಾಲ ಇಂಥದ್ದೇ ಎಂದು ವಾದಿಸುವಾಗ, ಲಿಪಿಯ ಆಧಾರದ ಮೇಲೆ ಹಿಂದಕ್ಕೋ ಮುಂದಕ್ಕೋ ಒಯ್ಯುವಾಗ, ತಾಳಗುಂದದಲ್ಲಿ ಅದಕ್ಕಿಂತ ಹಳೆಯ ಕನ್ನಡ ಶಾಸನ ದೊರೆತಿದೆ ಎಂಬ ವಾದವನ್ನು ಮುಂದಿಡುವಾಗ ಆಕರ ಬೇಕೇ ಬೇಕು. ಸಂಗತಿ ವಿವಾದಕ್ಕೆ ಕಾಲಿಟ್ಟ ಕ್ಷಣದಿಂದ ಅದಕ್ಕೊಬ್ಬ ವಾರಸುದಾರ ಇರುತ್ತಾನೆ. ಅವನ ಹೆಸರು ಹೇಳಲೇಬೇಕು.

ಇನ್ನು ಎರಡನೆಯ ಭಾಗಕ್ಕೆ, ಅಂದರೆ ಎಷ್ಟು ಸಲ ಎಂಬ ಪ್ರಶ್ನೆಗೆ ಬರುತ್ತೇನೆ.

ಇಂದು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ಶೈಲಿ ಕೈಪಿಡಿಗಳು ಮುಖ್ಯವಾಗಿ ಮೂರು. ಸಮಾಜವಿಜ್ಞಾನಗಳಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಎಪಿಎ, ಭಾಷೆ ಸಾಹಿತ್ಯಗಳಲ್ಲಿ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಂಎಲ್ಎ, ಇತಿಹಾಸದಲ್ಲಿ ಷಿಕಾಗೋ. ಷಿಕಾಗೋ ಕೈಪಿಡಿಯ ಮೊದಲ ಮುದ್ರಣ 1906ರದು. ಎಪಿಎ 1929ರಲ್ಲಿ ಒಂದು ಪತ್ರಿಕೆಯ ಏಳು ಪುಟದ ಲೇಖನವಾಗಿ ಹುಟ್ಟಿ, ಈಗ ಏಳನೆಯ ಆವೃತ್ತಿಯ ದಪ್ಪ ಗ್ರಂಥವಾಗಿದೆ. ಆವರಣ, ಅಲ್ಪವಿರಾಮ, ವರ್ಷದ ಸ್ಥಾನಗಳಲ್ಲಿ ಇವು ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದರೆ ನಮ್ಮ ಇಂದಿನ ಪ್ರಶ್ನೆಗೆ ಇವು ಕೊಡುವ ಉತ್ತರದ ತಿರುಳು ಹೆಚ್ಚುಕಡಿಮೆ ಒಂದೇ.

ಇವುಗಳಲ್ಲಿ ಅತಿ ಬಿಡಿಸಿ ಹೇಳಿರುವುದು ಎಪಿಎ ಏಳನೆಯ ಆವೃತ್ತಿ. ಇನ್ನೊಬ್ಬರ ವಿಚಾರದ ನಿರೂಪಣೆ ಹಲವು ವಾಕ್ಯಗಳವರೆಗೆ ಸಾಗುವುದಾದರೆ ಮೊದಲ ಸಲ ಪ್ರಸ್ತಾಪಿಸುವಾಗ ಆಕರ ಕೊಡಬೇಕು ಎನ್ನುತ್ತದೆ ಅದು. ಮುಂದಿನ ವಾಕ್ಯಗಳೂ ಅದೇ ಕೃತಿಯವು ಎಂದು ಸಂದರ್ಭದಿಂದ ಸ್ಪಷ್ಟವಾಗಿರುವವರೆಗೆ ಮತ್ತೆ ಮತ್ತೆ ಕೊಡಬೇಕಾಗಿಲ್ಲ. ಹೊಸ ಪ್ಯಾರಾಕ್ಕೆ ಹೋದಾಗ ಮತ್ತೊಮ್ಮೆ ಕೊಡಬೇಕು. ನಡುವೆ ಬೇರೊಂದು ಆಕರ ಸೇರಿಕೊಂಡರೆ, ಅಥವಾ ಒಂದು ಆಕರದಿಂದ ಇನ್ನೊಂದಕ್ಕೆ ಹೋಗಿ ಮರಳಿದರೆ, ಪ್ರತಿ ತಿರುವಿನಲ್ಲೂ ಕೊಡಬೇಕು. ಎಂಎಲ್ಎ ಕ್ರಮದಲ್ಲಿ ಬರೆಯುವವರು ವಾಕ್ಯದ ಆರಂಭದಲ್ಲಿ ಲೇಖಕರ ಹೆಸರು ಹೇಳಿ, ನಿರೂಪಣೆ ಮುಗಿಯುವಲ್ಲಿ ಪುಟಸಂಖ್ಯೆಯನ್ನು ಆವರಣದಲ್ಲಿ ಕೊಟ್ಟು, ಎರಡರ ನಡುವಿನದೆಲ್ಲ ಆ ಲೇಖಕರದು ಎಂದು ತೋರಿಸುತ್ತಾರೆ. ಅಡಿಟಿಪ್ಪಣಿ ಬಳಸುವ ಇತಿಹಾಸಕಾರರು ಒಂದು ಪ್ಯಾರಾದ ಋಣವನ್ನೆಲ್ಲ ಕೊನೆಯ ಒಂದೇ ಟಿಪ್ಪಣಿಯಲ್ಲಿ ತೀರಿಸುವುದೂ ಉಂಟು.

ಇವೆಲ್ಲದರ ಹಿಂದೆ ಇರುವ ತತ್ತ್ವ ಒಂದೇ. ಸೂಚನೆಯ ಸಂಖ್ಯೆಯನ್ನು ವಾಕ್ಯಗಳ ಲೆಕ್ಕ ನಿರ್ಧರಿಸುವುದಿಲ್ಲ. ದನಿ ಬದಲಾಗುವ ಜಾಗಗಳು ನಿರ್ಧರಿಸುತ್ತವೆ. ಹೊಲಕ್ಕೆ ಬಾಂದುಕಲ್ಲು ನೆಡುವವರು ಹೆಜ್ಜೆಗೊಂದು ಕಲ್ಲು ನೆಡುವುದಿಲ್ಲ. ಗಡಿ ಎಲ್ಲಿ ತಿರುಗುತ್ತದೋ ಅಲ್ಲಿ ನೆಡುತ್ತಾರೆ, ನೇರವಾಗಿ ಹೋಗುವಲ್ಲಿ ಬಿಡುತ್ತಾರೆ. ಪುಟದ ಯಾವ ವಾಕ್ಯದ ಮೇಲೆ ಬೆರಳಿಟ್ಟು “ಇದು ಯಾರ ಮಾತು?” ಎಂದು ಕೇಳಿದರೂ ಓದುಗನಿಗೆ ಉತ್ತರ ತಿಳಿಯುವಂತಿದ್ದರೆ ಸೂಚನೆ ಸಾಕಷ್ಟಿದೆ. ಒಂದೇ ಒಂದು ವಾಕ್ಯದಲ್ಲಿ ಅನುಮಾನ ಬಂದರೂ ಅಲ್ಲಿ ಸೂಚನೆ ಬೇಕು.

ಒಂದು ಉದಾಹರಣೆಯಿಂದ ಇದನ್ನು ಬಿಡಿಸಿ ನೋಡೋಣ. ಶಂಬಾ ಜೋಶಿ ಅವರ ‘ಕಣ್ಮರೆಯಾದ ಕನ್ನಡ’ದ ವಾದವನ್ನು ಒಬ್ಬ ಸಂಶೋಧನಾರ್ಥಿ ಹೀಗೆ ನಿರೂಪಿಸುತ್ತಾರೆ ಎಂದುಕೊಳ್ಳಿ:

“ಇಂದಿನ ಗಡಿಯಾಚೆ ಉತ್ತರದಲ್ಲಿ ಬಹುದೂರದವರೆಗೆ ಒಂದು ಕಾಲಕ್ಕೆ ಕನ್ನಡ ಹಬ್ಬಿತ್ತು ಎನ್ನುತ್ತಾರೆ ಶಂಬಾ. ಮಹಾರಾಷ್ಟ್ರದ ಊರಿನ ಹೆಸರುಗಳು ಇದಕ್ಕೆ ಸಾಕ್ಷಿ. ಊರಿನ ಹೆಸರು ಜನ ಬದಲಾದರೂ ಬೇಗ ಬದಲಾಗುವುದಿಲ್ಲ. ಆದರೆ ಹೆಸರೊಂದನ್ನೇ ನಂಬಿ ಜನವಸತಿಯ ಇತಿಹಾಸ ಬರೆಯುವುದು ಕಷ್ಟ. ಶಾಸನಗಳ ಬೆಂಬಲವೂ ಬೇಕಾಗುತ್ತದೆ.”

ಐದು ವಾಕ್ಯಗಳಿವೆ. ಮೊದಲನೆಯದರಲ್ಲಿ ಹೆಸರು ಇರುವುದರಿಂದ ಅದು ಶಂಬಾ ಅವರದು ಎಂದು ಗೊತ್ತಾಗುತ್ತದೆ. ಎರಡನೆಯದು ಅದರ ಮುಂದುವರಿಕೆ; ಅಲ್ಲಿ ಮತ್ತೆ ಹೆಸರು ಬೇಡ. ಮೂರನೆಯದರಲ್ಲಿ ಸಣ್ಣ ಅನುಮಾನ ಹುಟ್ಟುತ್ತದೆ: ಇದು ಶಂಬಾ ಕೊಟ್ಟ ಕಾರಣವೋ, ಸಂಶೋಧನಾರ್ಥಿಯ ಸಮರ್ಥನೆಯೋ, ಸ್ಥಳನಾಮಗಳ ಅಧ್ಯಯನದಲ್ಲಿ ಎಲ್ಲರೂ ಒಪ್ಪಿದ ಮಾತೋ? ನಾಲ್ಕು ಮತ್ತು ಐದನೆಯ ವಾಕ್ಯಗಳಲ್ಲಿ ತೊಡಕು ದೊಡ್ಡದು. ಆ ಎಚ್ಚರಿಕೆಯನ್ನು ಶಂಬಾ ಅವರೇ ಹೇಳಿಕೊಂಡರೇ? ಅವರನ್ನು ವಿಮರ್ಶಿಸಿದ ಇನ್ನೊಬ್ಬರು ಹೇಳಿದರೇ? ಸಂಶೋಧನಾರ್ಥಿಯ ಸ್ವಂತ ತೀರ್ಮಾನವೇ? ಮೂರರಲ್ಲಿ ಯಾವುದಾದರೂ ಇರಬಹುದು. ಪ್ಯಾರಾದ ಕೊನೆಗೆ ಶಂಬಾ ಅವರ ಪುಟಸಂಖ್ಯೆ ಹಾಕಿಬಿಟ್ಟರಂತೂ ಎಡವಟ್ಟು ಪೂರ್ತಿಯಾಗುತ್ತದೆ: ಅವರ ವಾದದ ಮೇಲಿನ ಆಕ್ಷೇಪವೂ ಅವರ ಖಾತೆಗೇ ಹೋಗುತ್ತದೆ.

ಇದನ್ನು ಸರಿಪಡಿಸಲು ಐದು ಸೂಚನೆಗಳು ಬೇಕಿಲ್ಲ. ಮೂರನೆಯ ವಾಕ್ಯ ಶಂಬಾ ಅವರದೇ ಆಗಿದ್ದರೆ ಅದರ ಕೊನೆಗೆ “ಎಂಬುದು ಅವರ ವಾದ” ಎಂದು ಸೇರಿಸಿ, ಅಲ್ಲೇ ಪುಟಸಂಖ್ಯೆ ಕೊಟ್ಟರಾಯಿತು. ಅವರ ಮಾತು ಅಲ್ಲಿಗೆ ಮುಗಿಯಿತು. ನಾಲ್ಕನೆಯ ವಾಕ್ಯ ತನ್ನದಾಗಿದ್ದರೆ “ಈ ಪ್ರಬಂಧದ ದೃಷ್ಟಿಯಲ್ಲಿ” ಎಂದೋ, ಧೈರ್ಯವಿದ್ದರೆ “ನನಗೆ ತೋರುವಂತೆ” ಎಂದೋ ಆರಂಭಿಸಬಹುದು. ಬೇರೊಬ್ಬ ವಿಮರ್ಶಕರದಾಗಿದ್ದರೆ ಅವರ ಹೆಸರು ಅಲ್ಲಿಯೇ ಬರಬೇಕು. ‘ಎನ್ನುತ್ತಾರೆ’, ‘ಅವರು ಮುಂದುವರಿದು ಹೇಳುವಂತೆ’, ‘ಅದೇ ಲೇಖನದಲ್ಲಿ’ ಎಂಬ ಸಣ್ಣ ಮಾತುಗಳು ಆವರಣದ ಸೂಚನೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ಇವುಗಳನ್ನು ಬಳಸಲು ಕಲಿತವರಿಗೆ ಆವರಣಗಳ ಕಾಟ ಅರ್ಧಕ್ಕರ್ಧ ತಪ್ಪುತ್ತದೆ.

ಇಲ್ಲಿ ಎದುರು ದಿಕ್ಕಿನ ದೋಷವನ್ನೂ ಹೇಳಬೇಕು. ಕೃತಿಚೌರ್ಯದ ಭಯದಿಂದ ಕೆಲವರು ವಾಕ್ಯಕ್ಕೊಂದು ಆವರಣ ಹಾಕುತ್ತಾರೆ. ಒಂದೇ ಪ್ಯಾರಾದಲ್ಲಿ ಅದೇ ಲೇಖಕ, ಅದೇ ವರ್ಷ, ಅದೇ ಪುಟ ಎಂಟು ಸಲ ಬರುತ್ತದೆ. ಇನ್ನು ಕೆಲವರು ಒಂದು ಸರಳ ಸಂಗತಿಗೆ ಆರು ಗ್ರಂಥಗಳ ಸಾಲನ್ನೇ ಜೋಡಿಸುತ್ತಾರೆ. ಎಪಿಎ ಕೈಪಿಡಿ ಕಡಿಮೆ ಸೂಚಿಸುವುದನ್ನು ಹೇಗೋ ಹಾಗೆಯೇ ಅತಿಯಾಗಿ ಸೂಚಿಸುವುದನ್ನೂ ದೋಷವೆಂದೇ ಎಣಿಸುತ್ತದೆ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ತನ್ನ ವ್ಯಾಖ್ಯಾನದ ಆರಂಭದಲ್ಲಿ ಎರಡು ಪ್ರತಿಜ್ಞೆ ಮಾಡುತ್ತಾನೆ. ಆಧಾರವಿಲ್ಲದ್ದನ್ನು ಬರೆಯುವುದಿಲ್ಲ ಎಂಬುದು ಒಂದು, ಬೇಡವಾದದ್ದನ್ನು ಹೇಳುವುದಿಲ್ಲ ಎಂಬುದು ಇನ್ನೊಂದು. ನಮ್ಮ ವಿಚಾರ ಸಂಕಿರಣಗಳಲ್ಲಿ ಮೊದಲನೆಯದನ್ನು ಮಾತ್ರ ಮತ್ತೆ ಮತ್ತೆ ನೆನೆಯುತ್ತೇವೆ. ಎರಡನೆಯದೂ ಅಷ್ಟೇ ಮುಖ್ಯ. ಆವರಣಗಳ ಕಾಡಿನಲ್ಲಿ ಸಂಶೋಧಕರ ಸ್ವಂತ ದನಿಯೇ ಕೇಳದಿದ್ದರೆ ಆ ಪ್ರಬಂಧ ಟಿಪ್ಪಣಿಗಳ ಸಂಗ್ರಹವಾಗುತ್ತದೆ, ಸಂಶೋಧನೆ ಆಗುವುದಿಲ್ಲ.

ಈಗ ಮೂರನೆಯ ಭಾಗ. ಇದು ಕನ್ನಡದಲ್ಲಿ ಬರೆಯುವವರಿಗೇ ವಿಶೇಷವಾಗಿ ಸಂಬಂಧಿಸಿದ್ದು.

ನಮ್ಮ ಮಹಾಪ್ರಬಂಧಗಳ ಮೊದಲ ಒಂದೆರಡು ಅಧ್ಯಾಯಗಳಲ್ಲಿ ತಾತ್ತ್ವಿಕ ಹಿನ್ನೆಲೆ ಇರುತ್ತದೆ. ವಸಾಹತೋತ್ತರ ಚಿಂತನೆ, ಸ್ತ್ರೀವಾದ, ಸಂಸ್ಕೃತಿ ಅಧ್ಯಯನ ಮುಂತಾದವು. ಇವುಗಳ ಮೂಲ ಸಾಹಿತ್ಯ ಬಹುಪಾಲು ಇಂಗ್ಲಿಷಿನಲ್ಲಿದೆ. ಅದನ್ನು ಓದಿ ಕನ್ನಡದಲ್ಲಿ ಬರೆಯುವಾಗ ಪ್ರತಿಯೊಂದು ಪದವೂ ಬರೆಯುವವರೇ ಹುಡುಕಿ ಜೋಡಿಸಿದ್ದು. ಕಷ್ಟಪಟ್ಟು ಪಾರಿಭಾಷಿಕ ಪದ ಹುಡುಕಿರುತ್ತಾರೆ, ವಾಕ್ಯ ಮುರಿದು ಕಟ್ಟಿರುತ್ತಾರೆ. ಆ ಶ್ರಮದಿಂದಾಗಿ ವಿಚಾರವೂ ತಮ್ಮದೇ ಎಂಬ ಭಾವನೆ ತಿಳಿಯದೆಯೇ ಬಂದುಬಿಡುತ್ತದೆ. ಕದಿಯುವ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೂ ನಾಲ್ಕು ಪುಟಗಳ ನಿರೂಪಣೆಯಲ್ಲಿ ಒಂದೇ ಒಂದು ಆಕರ, ಅದೂ ಅಧ್ಯಾಯದ ಕೊನೆಯಲ್ಲಿ, ‘ನೋಡಿ’ ಎಂಬ ಮಾತಿನೊಂದಿಗೆ. ಓದುಗನ ಕಣ್ಣಿಗೆ ನಾಲ್ಕೂ ಪುಟಗಳ ಚಿಂತನೆ ಈ ಸಂಶೋಧಕರದೇ ಎಂದು ಕಾಣುತ್ತದೆ.

ಇಲ್ಲಿ ಎರಡು ಬಗೆಯ ಬರಹವನ್ನು ಬೇರ್ಪಡಿಸಿಕೊಳ್ಳಬೇಕು. ಇಂಗ್ಲಿಷಿನ ಒಂದು ಪ್ಯಾರಾವನ್ನು ವಾಕ್ಯ ಅನುಸರಿಸಿ ವಾಕ್ಯ ಕನ್ನಡಕ್ಕೆ ತಂದಿದ್ದರೆ ಅದು ಅನುವಾದ. ಭಾಷೆ ಬೇರೆಯಾದರೂ ಅದು ಉದ್ಧರಣೆಯೇ. ಚಿಹ್ನೆ ಹಾಕಿ, ಪುಟ ಕೊಟ್ಟು, ಅನುವಾದ ತಮ್ಮದೆಂದು ತಿಳಿಸಬೇಕು. ಪುಸ್ತಕ ಮುಚ್ಚಿಟ್ಟು, ಅರ್ಥ ಮಾಡಿಕೊಂಡದ್ದನ್ನು ತಮ್ಮ ಕ್ರಮದಲ್ಲಿ, ತಮ್ಮ ಒತ್ತುಗಳೊಂದಿಗೆ ಬರೆದಿದ್ದರೆ ಅದು ನಿರೂಪಣೆ. ಅದಕ್ಕೆ ನಾನು ಎರಡನೆಯ ಭಾಗದಲ್ಲಿ ಹೇಳಿದ ಅಳತೆ ಅನ್ವಯಿಸುತ್ತದೆ. ಎರಡರ ನಡುವೆ ಮೂರನೆಯದೊಂದಿದೆ. ಮೂಲದ ವಾಕ್ಯವನ್ನೇ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸುವುದು, ಒಂದು ಉಪವಾಕ್ಯವನ್ನು ಹಿಂದೆಮುಂದೆ ಮಾಡುವುದು. ಅಮೆರಿಕದಲ್ಲಿ ಬರವಣಿಗೆಯ ಬೋಧನೆಯನ್ನೇ ಅಧ್ಯಯನ ಮಾಡಿದ ರೆಬೆಕಾ ಮೂರ್ ಹೋವರ್ಡ್ 1990ರ ದಶಕದಲ್ಲಿ ಇದಕ್ಕೆ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ಹೊಸ ವಿಷಯವನ್ನು ಕಲಿಯುತ್ತಿರುವ ವಿದ್ಯಾರ್ಥಿ ಹಾದುಹೋಗುವ ಹಂತ ಅದು, ಅದನ್ನು ಅಪರಾಧವೆಂದು ಶಿಕ್ಷಿಸುವುದಕ್ಕಿಂತ ತಿದ್ದಿ ಕಲಿಸಬೇಕು ಎಂಬುದು ಅವರ ನಿಲುವು. ಎಂ.ಎ. ಮೊದಲ ವರ್ಷದ ವಿದ್ಯಾರ್ಥಿಯ ವಿಷಯದಲ್ಲಿ ನಾನು ಈ ಮಾತನ್ನು ಒಪ್ಪುತ್ತೇನೆ. ಮಹಾಪ್ರಬಂಧ ಸಲ್ಲಿಸುವ ಹೊತ್ತಿಗೆ ಆ ಹಂತ ದಾಟಿರಬೇಕು ಎಂಬುದು ನನ್ನ ಸೇರ್ಪಡೆ. ಇಂಥ ತೇಪೆ ಬರಹಕ್ಕೆ ಎಷ್ಟು ಸಲ ಆಕರ ಸೂಚಿಸಿದರೂ ದೋಷ ಹೋಗುವುದಿಲ್ಲ. ಅದನ್ನು ಉದ್ಧರಣೆಯಾಗಿ ಮಾಡಬೇಕು, ಇಲ್ಲವೇ ಹೊಸದಾಗಿ ಬರೆಯಬೇಕು.

ಈ ಜಾಗದಲ್ಲೇ ತಂತ್ರಾಂಶದ ಮಾತು ಬರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಹೊರಡಿಸಿತು. ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಸತತ ಹದಿನಾಲ್ಕು ಪದಗಳವರೆಗಿನ ಕಾಕತಾಳೀಯ ಹೋಲಿಕೆಯನ್ನು ಲೆಕ್ಕದಿಂದ ಬಿಡಲಾಗಿದೆ. ನಿಯಮ ಬೇಕಾಗಿತ್ತು, ಬಂದದ್ದು ಒಳ್ಳೆಯದಾಯಿತು. ಆದರೆ ಅದು ಬಂದ ಮೇಲೆ ವಿಭಾಗಗಳಲ್ಲಿ ಮಾತಿನ ಧಾಟಿ ಬದಲಾಯಿತು. “ಆಕರ ಸರಿಯಾಗಿದೆಯೇ?” ಎಂಬ ಪ್ರಶ್ನೆಯ ಜಾಗಕ್ಕೆ “ಪರ್ಸೆಂಟೇಜ್ ಎಷ್ಟು ಬಂತು?” ಎಂಬುದು ಬಂದು ಕುಳಿತಿದೆ.

ತಂತ್ರಾಂಶ ಹೋಲಿಸುವುದು ಮುಖ್ಯವಾಗಿ ಪದಗಳ ಸಾಲನ್ನು. ಇಂಗ್ಲಿಷ್ ಗ್ರಂಥದ ಒಂದು ಅಧ್ಯಾಯವನ್ನು ಪೂರ್ತಿಯಾಗಿ ಕನ್ನಡಕ್ಕೆ ಇಳಿಸಿ, ಎಲ್ಲೂ ಆಕರ ಹೇಳದಿದ್ದರೂ ವರದಿಯಲ್ಲಿ ಅಂಕಿ ಶೂನ್ಯದ ಹತ್ತಿರ ಬರುವ ಸಾಧ್ಯತೆಯಿದೆ. ಶಾಸನಗಳನ್ನೂ ವಚನಗಳನ್ನೂ ಚಿಹ್ನೆ ಹಾಕಿ, ಸಂಪುಟ ಸಂಖ್ಯೆ ಸಹಿತ ಕೊಟ್ಟ ಪ್ರಾಮಾಣಿಕ ಪ್ರಬಂಧದಲ್ಲಿ, ಉದ್ಧರಣೆಗಳನ್ನು ಹೊರಗಿಡುವ ಆಯ್ಕೆ ಮರೆತರೆ, ಅಂಕಿ ಏರಿಬಿಡುತ್ತದೆ. ಈಗಂತೂ ವಾಕ್ಯಗಳನ್ನು ಯಂತ್ರವೇ ತಿರುಗಿಸಿಕೊಡುತ್ತದೆ. ಪದಗಳ ಹೋಲಿಕೆಯಿಂದ ಪಾರಾಗುವುದು ಸುಲಭದ ಕೆಲಸ. ಆದ್ದರಿಂದ ಸ್ವಂತ ಮಾತಿನ ನಿರೂಪಣೆಗೆ ಆಕರ ಸಾಕಷ್ಟಿದೆಯೇ ಎಂಬ ಪ್ರಶ್ನೆಗೆ ಯಾವ ವರದಿಯೂ ಉತ್ತರ ಕೊಡಲಾರದು. ಆ ಉತ್ತರವನ್ನು ಮಾರ್ಗದರ್ಶಕರೇ ಓದಿ ಹೇಳಬೇಕು.

ಕೊನೆಯ ಭಾಗ. ಇಲ್ಲಿಯವರೆಗೆ ಎಷ್ಟು ಸಲ ಎಂದು ನೋಡಿದೆವು. ಎಷ್ಟೇ ಸಲ ಕೊಟ್ಟರೂ, ಹಿಡಿದು ಹೋದ ಓದುಗನಿಗೆ ಮೂಲ ಸಿಗದಿದ್ದರೆ ಕೊಟ್ಟು ಫಲವಿಲ್ಲ.

ಸ್ವಂತ ಮಾತಿನ ನಿರೂಪಣೆಗೆ ಪುಟಸಂಖ್ಯೆ ಬೇಕೇ? ಎಪಿಎ ಕಡ್ಡಾಯ ಮಾಡುವುದಿಲ್ಲ, ದೀರ್ಘ ಕೃತಿಯಾದರೆ ಕೊಡುವುದು ಒಳ್ಳೆಯದು ಎನ್ನುತ್ತದೆ. ಮಾನವಿಕ ವಿಷಯಗಳಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕೊಡಲೇಬೇಕು ಎನ್ನುತ್ತೇನೆ. ಐದುನೂರು ಪುಟಗಳ ಗ್ರಂಥದ ಹೆಸರನ್ನಷ್ಟೇ ಹೇಳಿ ಒಂದು ಸೂಕ್ಷ್ಮವಾದ ವಾದವನ್ನು ಅದರ ಮೇಲೆ ಹೊರಿಸಿದರೆ ಪರಿಶೀಲಿಸುವವರು ಎಲ್ಲಿ ಹುಡುಕಬೇಕು? ಹಳಗನ್ನಡ ಕಾವ್ಯಗಳ ವಿಷಯದಲ್ಲಿ ನಮ್ಮ ಹಿರಿಯರು ಇದಕ್ಕೆ ಒಳ್ಳೆಯ ಕ್ರಮ ಹಾಕಿಕೊಟ್ಟಿದ್ದಾರೆ. ‘ಪಂಪಭಾರತ’ಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ ಮತ್ತು ಪದ್ಯ. ಮುದ್ರಣ ಯಾವುದಾದರೂ ಓದುಗ ಆ ಜಾಗಕ್ಕೆ ತಲುಪುತ್ತಾನೆ. ಒಂದು ಪ್ರಸಂಗದ ಕಥೆಯನ್ನು ಎರಡು ಪ್ಯಾರಾಗಳಲ್ಲಿ ಸಂಗ್ರಹಿಸುವಾಗ ಪ್ರತಿ ವಾಕ್ಯಕ್ಕೂ ಪದ್ಯಸಂಖ್ಯೆ ಬೇಡ. ಎಲ್ಲಿಂದ ಎಲ್ಲಿಯವರೆಗೆ ಎಂದು ಆರಂಭದಲ್ಲಿ ಒಮ್ಮೆ ಹೇಳಿದರೆ ಸಾಕು. ವಚನಗಳಿಗೆ 1993ರಲ್ಲಿ ಬಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದ ಸಂಪುಟ ಮತ್ತು ವಚನ ಸಂಖ್ಯೆ ಕೊಡುವ ರೂಢಿ ಬೆಳೆದಿದೆ.

ಶಾಸನಗಳಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶ್ರವಣಬೆಳಗೊಳ ಸಂಪುಟವನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573. ಸಂಖ್ಯೆಗಳ ಕ್ರಮವೂ ಬದಲಾಯಿತು. ರೈಸ್ ಅವರ 54ನೆಯ ಶಾಸನವಾಗಿದ್ದ ಮಲ್ಲಿಷೇಣ ಪ್ರಶಸ್ತಿ ನರಸಿಂಹಾಚಾರ್ ಅವರಲ್ಲಿ 67 ಆಗಿದೆ. ಯಾವ ಆವೃತ್ತಿ ಎಂದು ಹೇಳದೆ ‘ಶ್ರವಣಬೆಳಗೊಳ 54’ ಎಂದು ಬರೆದರೆ ಓದುಗ ಬೇರೆ ಯಾವುದೋ ಶಾಸನದ ಮುಂದೆ ನಿಲ್ಲುತ್ತಾನೆ.

ಇಂಥ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಒಂದೇ ಕಾರಣದಿಂದ: ಮೂಲವನ್ನು ನೋಡದೆ, ಇನ್ನೊಬ್ಬರ ಅಡಿಟಿಪ್ಪಣಿಯನ್ನು ನಮ್ಮದಾಗಿ ಇಳಿಸಿಕೊಳ್ಳುವುದು. ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ರೋಗವಲ್ಲ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭೌತವಿಜ್ಞಾನದ ಒಂದು ಪ್ರಸಿದ್ಧ ಪ್ರಬಂಧಕ್ಕೆ ಬಂದ ಸುಮಾರು 4300 ಉಲ್ಲೇಖಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 196ರಲ್ಲಿ ಸಂಪುಟ, ಪುಟ ಮುಂತಾದವು ತಪ್ಪಾಗಿದ್ದವು. ಆದರೆ ತಪ್ಪುಗಳ ಬಗೆ ಬರೀ 45. ಒಂದೇ ತಪ್ಪು ಪುಟಸಂಖ್ಯೆ 78 ಸಲ ಬಂದಿತ್ತು. ಅಷ್ಟು ಜನ ಬೇರೆ ಬೇರೆಯಾಗಿ ಅದೇ ತಪ್ಪನ್ನು ಮಾಡಿರಲಾರರು, ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡಿದ್ದಾರೆ ಎಂದು ತರ್ಕಿಸಿದ ಅವರು, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಶೇ. 20ರಷ್ಟು ಮಾತ್ರ ಎಂದು ಅಂದಾಜು ಮಾಡಿದರು. ಆ ಅಂದಾಜನ್ನು ಒಪ್ಪಲಿ ಬಿಡಲಿ, ತಪ್ಪು ಸಂಖ್ಯೆಗಳ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ.

ಎಡ್ವರ್ಡ್ ಸೈದ್ ಅವರ 1978ರ ‘ಓರಿಯಂಟಲಿಸಂ’ ಗ್ರಂಥದ ವಾದವನ್ನು ಕನ್ನಡದ ಒಂದು ಪರಿಚಯ ಲೇಖನದಿಂದ ತಿಳಿದುಕೊಂಡಿದ್ದರೆ ಆ ಲೇಖನದ ಹೆಸರನ್ನೇ ಹೇಳೋಣ: ಇಂಥವರ ಲೇಖನದಲ್ಲಿ ವಿವರಿಸಿರುವಂತೆ ಸೈದ್ ಹೀಗೆ ವಾದಿಸುತ್ತಾರೆ ಎಂದು. ಇದರಲ್ಲಿ ಅವಮಾನವೇನೂ ಇಲ್ಲ. ಪರಿಚಯ ಲೇಖನ ಬರೆದವರ ಶ್ರಮಕ್ಕೂ ಮನ್ನಣೆ ಸಿಗುತ್ತದೆ. ಅವರ ವಿವರಣೆಯಲ್ಲಿ ತಪ್ಪಿದ್ದರೆ ಅದು ಸೈದ್ ಅವರ ತಲೆಗೂ ಅಂಟುವುದಿಲ್ಲ, ನಮ್ಮ ತಲೆಗೂ ಅಂಟುವುದಿಲ್ಲ.

ನಾಲ್ಕೂ ಭಾಗಗಳನ್ನು ಈಗ ಒಟ್ಟಿಗೆ ತರುತ್ತೇನೆ. ಪದ ಬದಲಿಸಿದರೂ ದುಡಿಮೆಯ ಋಣ ಉಳಿಯುತ್ತದೆ. ವಿಚಾರ ಶುರುವಾಗುವಲ್ಲಿ ಹೆಸರು, ಮುಗಿಯುವಲ್ಲಿ ಪುಟ, ಹೊಸ ಪ್ಯಾರಾದಲ್ಲಿ ಮತ್ತೊಮ್ಮೆ, ಆಕರ ಬದಲಾದಾಗಲೆಲ್ಲ ಮತ್ತೊಮ್ಮೆ. ನಡುವಿನ ವಾಕ್ಯಗಳಿಗೆ ‘ಎನ್ನುತ್ತಾರೆ’ಯಂಥ ಮಾತು ಸಾಕು. ಭಾಷಾಂತರ ಮಾಡಿದ ಮಾತ್ರಕ್ಕೆ ವಿಚಾರ ನಮ್ಮದಾಗುವುದಿಲ್ಲ, ತಂತ್ರಾಂಶದ ಅಂಕಿ ಅದಕ್ಕೆ ಪ್ರಮಾಣಪತ್ರವೂ ಅಲ್ಲ. ಓದಿದ್ದನ್ನೇ ಉಲ್ಲೇಖಿಸಬೇಕು, ಯಾವ ಆವೃತ್ತಿ ಎಂದು ಹೇಳಬೇಕು.

ಸಂಶೋಧನಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಒಂದು ಅಧ್ಯಾಯ ಮುಗಿದ ಮೇಲೆ ಅದನ್ನು ಕಾಗದದ ಮೇಲೆ ತೆಗೆದುಕೊಂಡು, ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಯಾರದೆಂದು ಬರೆಯುತ್ತಾ ಹೋಗಿ. ನಿಮಗೇ ಕೈ ತಡೆದ ಜಾಗಗಳಲ್ಲಿ ಆಕರ ಸೇರಿಸಿ. ಒಂದು ಪುಟದ ಉದ್ದಕ್ಕೂ ನಿಮ್ಮ ಹೆಸರು ಒಮ್ಮೆಯೂ ಬರದಿದ್ದರೆ ಆ ಪುಟ ನಿಮ್ಮ ಪ್ರಬಂಧದಲ್ಲಿ ಏಕಿದೆ ಎಂದು ಯೋಚಿಸಿ. ಮಾರ್ಗದರ್ಶಕರಲ್ಲಿಯೂ ಒಂದು ವಿನಂತಿ. ಈ ಕೆಲಸವನ್ನು ಕೊನೆಯ ತಿಂಗಳ ತಂತ್ರಾಂಶ ವರದಿಗೆ ಬಿಡಬೇಡಿ. ವಿದ್ಯಾರ್ಥಿ ಮೊದಲ ಅಧ್ಯಾಯದ ಮೊದಲ ಹತ್ತು ಪುಟ ತಂದ ದಿನವೇ ಜೊತೆಗೆ ಕೂತು, ಇದು ಯಾರ ಮಾತು, ಎಲ್ಲಿಯವರೆಗೆ ಎಂದು ಕೇಳಿ. ಆ ಒಂದು ದಿನ ಕಲಿತದ್ದು ಅವರ ಬರವಣಿಗೆಯ ಉದ್ದಕ್ಕೂ ಉಳಿಯುತ್ತದೆ.